ಏಳು ಸಲ ಸರಿ, ಎಂಟನೇ ಸಲ ತಪ್ಪು

ಹೋದ ವರ್ಷದ ಪತ್ರಿಕೆಗೆ ನಾನು ಅಜ್ಜನ ಊರಿನ ಮಳೆಗಾಲದ ಬಗ್ಗೆ ಬರೆದಿದ್ದೆ. ಈ ಸಲ ಗಣಿತದ ಬಗ್ಗೆ ಬರೀತೀನಿ ಅಂದಾಗ ಅಮ್ಮ, "ಯಾರು ಓದ್ತಾರೆ?" ಅಂದರು. ದಯವಿಟ್ಟು ಓದಿ. ಇದರಲ್ಲಿ ನಾನು ಸೋತ ಕಥೆ ಇದೆ, ನನ್ನ ಒಂದು ಅಭಿಪ್ರಾಯವೂ ಇದೆ.

ಮೊದಲು ಚಿಕ್ಕ ತರಗತಿಯವರಿಗೆ ಒಂದು ಮಾತು. ನಿಮ್ಮ ಹತ್ತಿರ 12 ಲಡ್ಡು ಇದ್ದರೆ 2, 3, 4 ಅಥವಾ 6 ಜನಕ್ಕೆ ಸಮವಾಗಿ ಹಂಚಬಹುದು. 13 ಲಡ್ಡು ಇದ್ದರೆ? ಒಬ್ಬರೇ ತಿನ್ನಬೇಕು, ಇಲ್ಲ 13 ಜನ ಒಂದೊಂದು ತಿನ್ನಬೇಕು. ಬೇರೆ ದಾರಿ ಇಲ್ಲ. ಇಂಥ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಅಂತ ಹೆಸರು. ನಾವು ಸ್ಕೂಲಲ್ಲಿ ಪ್ರೈಮ್ ನಂಬರ್ ಅಂತೀವಿ. 2, 3, 5, 7, 11, 13, 17, 19, 23... ಇವು ಮುಗಿಯುವುದೇ ಇಲ್ಲ ಅಂತ ಯೂಕ್ಲಿಡ್ ಸುಮಾರು 2300 ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಆದರೆ ಮುಂದಿನದು ಎಲ್ಲಿ ಬರುತ್ತೆ ಅಂತ ಥಟ್ಟನೆ ಹೇಳುವ ಸುಲಭದ ಸೂತ್ರ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಅದಕ್ಕೇ ಎಲ್ಲರಿಗೂ ಆಸೆ: ನನಗಾದರೂ ಒಂದು ಪ್ಯಾಟರ್ನ್ ಸಿಗಬಾರದಾ?

ನನಗೆ ಸಿಕ್ಕಿತ್ತು! 31 ಅವಿಭಾಜ್ಯ. 331 ಅವಿಭಾಜ್ಯ. 3331 ಕೂಡ. 33331 ಅನ್ನು ಒಂದು ಶನಿವಾರ ಪೂರ್ತಿ ಕೂತು ಕೈಯಲ್ಲೇ ಭಾಗಿಸಿ ನೋಡಿದೆ. ಅದೂ ಅವಿಭಾಜ್ಯ! ಆಮೇಲೆ ಲ್ಯಾಪ್‌ಟಾಪ್‌ನಲ್ಲಿ 333331, 3333331, 33333331. ಎಲ್ಲವೂ ಸರಿ. ಏಳಕ್ಕೆ ಏಳು. ಮರುದಿನ ಗಣಿತದ ಕ್ಲಬ್ಬಿನಲ್ಲಿ, "3 ಸೇರಿಸ್ತಾ ಹೋಗಿ, ಯಾವಾಗಲೂ ಪ್ರೈಮ್ ಬರುತ್ತೆ" ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ. ಒಬ್ಬ ಹುಡುಗ ಎಂಟನೆಯದನ್ನು ಕಂಪ್ಯೂಟರಿಗೆ ಹಾಕಿದ. 333333331 ಅಂದರೆ 17 ಗುಣಿಸು 19607843. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಆಮೇಲೆ ಎರಡು ತಿಂಗಳು ಆ ನೋಟ್‌ಬುಕ್ ತೆಗೆಯಲಿಲ್ಲ.

ಶಿವಮೊಗ್ಗದಲ್ಲಿರುವ ಅಜ್ಜ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಫೋನಿನಲ್ಲಿ ಈ ಕಥೆ ಹೇಳಿದಾಗ ಅವರು ನಗಲಿಲ್ಲ. "ಕೆಟ್ಟಿತು, ಸರಿ. ಯಾಕೆ ಕೆಟ್ಟಿತು ಪುಟ್ಟಿ? ಅದನ್ನ ನೋಡಿದ್ಯಾ?" ಅಂದರು. ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಕೂತು ಒಂದೊಂದೇ ಸಂಖ್ಯೆಯನ್ನು 17ರಿಂದ ಭಾಗಿಸಿ ಶೇಷ ಬರೆದುಕೊಂಡೆವು. ಆ ಶೇಷಗಳು 16 ಹೆಜ್ಜೆಗೊಮ್ಮೆ ಮತ್ತೆ ಮೊದಲಿನಿಂದ ಶುರುವಾಗುತ್ತವೆ! ಹಾಗಾಗಿ 3ಗಳು 8 ಇದ್ದಾಗ, 24 ಇದ್ದಾಗ, 40 ಇದ್ದಾಗ, ಹೀಗೆ ಪ್ರತಿ ಸಲವೂ 17 ಸರಿಯಾಗಿ ಭಾಗಿಸುತ್ತದೆ. ನನ್ನ ಪ್ಯಾಟರ್ನ್ ಸುಳ್ಳಾಗಿತ್ತು. ಆದರೆ ಅದು ಮುರಿದುಬೀಳುವುದರಲ್ಲೇ ಒಂದು ನಿಜವಾದ ಪ್ಯಾಟರ್ನ್ ಇತ್ತು. ಇದಕ್ಕೆ ಕಾರಣ ಗೊತ್ತಿದೆ, ಹಾಗಾಗಿ ಇದು ಎಂದೂ ಕೆಡುವುದಿಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ನನ್ನ ಹಾಗೆ ಎಡವಿದವರ ದೊಡ್ಡ ಪಟ್ಟಿಯೇ ಇದೆ ಅಂತ. ಫರ್ಮಾ ಫ್ರಾನ್ಸಿನ ಟುಲೂಸ್‌ನಲ್ಲಿ ನ್ಯಾಯಾಲಯದ ಕೆಲಸದಲ್ಲಿದ್ದವರು. ಗಣಿತ ಅವರ ಹವ್ಯಾಸ. 3, 5, 17, 257, 65537 ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯ ಅಂತ ಅವರು ನಂಬಿದ್ದರು. 1732ರಲ್ಲಿ ಆಯ್ಲರ್ ಮುಂದಿನ ಸಂಖ್ಯೆ 4294967297ನ್ನು 641 ಭಾಗಿಸುತ್ತದೆ ಅಂತ ತೋರಿಸಿದರು. ನಮ್ಮ ರಾಮಾನುಜನ್ ಅವರೂ ಅಷ್ಟೇ. ಮದ್ರಾಸ್ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಪತ್ರ ಬರೆದರು. ಒಂದು ಸಂಖ್ಯೆಯ ಒಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಅಂತ ಅವರು ಹೇಳಿಕೊಂಡಿದ್ದ ಸೂತ್ರ ಸರಿ ಇರಲಿಲ್ಲ. ಹಾರ್ಡಿ ಅದು ತಪ್ಪು ಅಂತ ಹೇಳಿದರು, ಆದರೆ ಪತ್ರವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಮರುವರ್ಷ ರಾಮಾನುಜನ್ ಕೇಂಬ್ರಿಜ್‌ನಲ್ಲಿದ್ದರು.

ಈಗ ನನ್ನ ಅಭಿಪ್ರಾಯ. ಪ್ಯಾಟರ್ನ್ ಹುಡುಕುವುದು ಪ್ರೊಫೆಸರ್‌ಗಳ ಕೆಲಸ ಮಾತ್ರ ಅಲ್ಲ, ಯಾರು ಬೇಕಾದರೂ ಹುಡುಕಬಹುದು. ಆದರೆ ಹುಡುಕಿದವರೇ ಮೊದಲು ಅದನ್ನು ಮುರಿಯೋಕೆ ಪ್ರಯತ್ನ ಪಡಬೇಕು. ನಾನು ಏಳಕ್ಕೇ ನಿಲ್ಲಿಸಿದ್ದು ತಪ್ಪು. ಎಂಟನೆಯದು ನನ್ನ ಕಣ್ಣ ಮುಂದೇ ಇತ್ತು. ನಿಜ ಹೇಳಬೇಕು ಅಂದ್ರೆ, ಅದು ಕೆಟ್ಟುಹೋದರೆ ಅನ್ನೋ ಹೆದರಿಕೆಯಿಂದಲೇ ನಾನು ನೋಡಲಿಲ್ಲ. ಹಾಗೇ ಬೇರೆಯವರ ಪ್ಯಾಟರ್ನ್ ಮುರಿದಾಗ ನಗಬಾರದು. ಗೊತ್ತಿದ್ದವರು ತಪ್ಪು ತೋರಿಸಲೇಬೇಕು, ಜೊತೆಗೆ "ಯಾಕೆ?" ಅಂತಲೂ ಕೇಳಬೇಕು.

"ದೊಡ್ಡ ದೊಡ್ಡವರು ಇರುವಾಗ ನಮ್ಮಂಥವರಿಗೆ ಏನು ಸಿಗುತ್ತೆ?" ಅಂತ ನೀವು ಕೇಳಬಹುದು. ನಾವಿರುವ ಫ್ರೀಮಾಂಟ್‌ನ ಪಕ್ಕದ ಊರು ಹೇವರ್ಡ್. 1978ರಲ್ಲಿ ಅಲ್ಲಿನ ಹೈಸ್ಕೂಲಿನ ಇಬ್ಬರು, ಲಾರಾ ನಿಕ್ಕಲ್ ಮತ್ತು ಲ್ಯಾಂಡನ್ ಕರ್ಟ್ ನಾಲ್, ಆಗ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಕಂಡುಹಿಡಿದರು. 6533 ಅಂಕಿಗಳ ಸಂಖ್ಯೆ! ಅವರಿಗೆ ಆಗ ಬರೀ 18 ವರ್ಷ. ಅವರು ಬಳಸಿದ ಪರೀಕ್ಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಲೆಹ್ಮರ್ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದವರು. 2024ರ ಅಕ್ಟೋಬರ್‌ನಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳ ಹೊಸ ದಾಖಲೆ ಮಾಡಿದ ಲ್ಯೂಕ್ ಡುರಾಂಟ್ ಕೂಡ ನಮ್ಮ ಸ್ಯಾನ್ ಹೋಸೆಯವರು. ಅವರು ಸ್ವಯಂಸೇವಕರಾಗಿ ಈ ಹುಡುಕಾಟಕ್ಕೆ ಸೇರಿದವರು. ಅವರಿಗೂ ಅದೇ ಪರೀಕ್ಷೆ ಬೇಕಾಯಿತು. ಅಂದರೆ ಹವ್ಯಾಸಿಗಳಿಗೆ ಗಣಿತಜ್ಞರು ಬೇಕು.

ಗಣಿತಜ್ಞರಿಗೂ ಮಕ್ಕಳ ಥರದ ಕುತೂಹಲ ಬೇಕು. 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೌಂದರರಾಜನ್ (ಚೆನ್ನೈನಲ್ಲಿ ಬೆಳೆದವರು) ಮತ್ತು ಲೆಮ್ಕೆ ಆಲಿವರ್ ಅವಿಭಾಜ್ಯ ಸಂಖ್ಯೆಗಳ ಕೊನೆಯ ಅಂಕಿಯನ್ನು ಮಾತ್ರ ನೋಡಿದರು. 2 ಮತ್ತು 5 ಬಿಟ್ಟರೆ ಎಲ್ಲವೂ 1, 3, 7 ಅಥವಾ 9ರಲ್ಲೇ ಮುಗಿಯಬೇಕು. 1ರಲ್ಲಿ ಮುಗಿದ ಮೇಲೆ ಮುಂದಿನದೂ 1ರಲ್ಲೇ ಮುಗಿಯುವ ಸಂಭವ ನಾಲ್ಕರಲ್ಲಿ ಒಂದು, ಅಂದರೆ ನೂರಕ್ಕೆ 25 ಇರಬೇಕು ಅಂತ ಅನಿಸುತ್ತೆ ಅಲ್ವಾ? ಮೊದಲ 10 ಕೋಟಿ ಅವಿಭಾಜ್ಯ ಸಂಖ್ಯೆಗಳಲ್ಲಿ ಅದು ನೂರಕ್ಕೆ ಸುಮಾರು 18 ಮಾತ್ರ! ಯಾಕೆ ಅಂತ ಅವರು ಒಂದು ವಿವರಣೆಯನ್ನೂ ಕೊಟ್ಟಿದ್ದಾರೆ, ಆದರೆ ಅದನ್ನು ಪೂರ್ತಿ ಸಾಧಿಸಿ ತೋರಿಸುವುದು ಇನ್ನೂ ಬಾಕಿ ಇದೆ. ನೀವೇ ಎಣಿಸಿ ನೋಡಿ. ಅಕ್ಕಪಕ್ಕದ ಎರಡು ಅವಿಭಾಜ್ಯ ಸಂಖ್ಯೆಗಳು ಒಂದೇ ಅಂಕಿಯಲ್ಲಿ ಮುಗಿಯುವುದು ಮೊದಲ ಸಲ ಸಿಗೋದು 139 ಮತ್ತು 149ರಲ್ಲಿ. ಅಲ್ಲಿಯವರೆಗೆ ಒಂದೂ ಇಲ್ಲ. ಇದನ್ನು ಎಣಿಸೋಕೆ ನಾಲ್ಕನೇ ತರಗತಿಯ ಗಣಿತ ಸಾಕು.

ಅಪ್ಪ ಕೇಳುವ ಪ್ರಶ್ನೆ ಬೇರೆ: "ಇದರಿಂದ ಏನು ಉಪಯೋಗ? ಆ ಟೈಮಲ್ಲಿ ಟೆಸ್ಟಿಗೆ ಓದಬಹುದಲ್ಲ?" ನಾನು ಅಪ್ಪನಿಗೆ ಅವರ ಬ್ಯಾಂಕಿನ ಪಾಸ್‌ವರ್ಡ್ ನೆನಪಿಸಿದೆ. 1977ರಲ್ಲಿ ರಿವೆಸ್ಟ್, ಶಮಿರ್, ಏಡಲ್‌ಮನ್ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಬೀಗದ ಥರ ಬಳಸುವ ವಿಧಾನ ಕಂಡುಹಿಡಿದರು. ಗುಣಿಸೋದು ಸುಲಭ, ಬಿಡಿಸೋದು ತುಂಬಾ ಕಷ್ಟ. ಆದರೆ ಸತ್ಯ ಏನು ಅಂದರೆ, 4 ಕೋಟಿ ಅಂಕಿಯ ಸಂಖ್ಯೆ ಯಾವ ಬ್ಯಾಂಕಿಗೂ ಬೇಕಿಲ್ಲ. ನಾನು ಹುಡುಕೋದೂ ಬ್ಯಾಂಕಿಗೋಸ್ಕರ ಅಲ್ಲ. ಟೆಸ್ಟಿನಲ್ಲಿ ಉತ್ತರ ಯಾರಿಗೋ ಮೊದಲೇ ಗೊತ್ತಿರುತ್ತೆ. ಇಲ್ಲಿ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಮುಂದೆ ಕೂತು, ಒಂದು ಗಂಟೆ ಏನೂ ಸಿಗದೆ ಎದ್ದು ಬರೋದನ್ನು ಕಲಿತೀನಿ. ಇದೂ ಓದೇ ಅಲ್ವಾ ಅಪ್ಪ?

ಇಷ್ಟೆಲ್ಲ ಹೇಳಿದ ನಾನೇ ಒಂದು ತಪ್ಪು ಮಾಡಿದೆ. ಮೂರನೇ ತರಗತಿಯ ನನ್ನ ತಮ್ಮ ಒಂದು ದಿನ ಓಡಿ ಬಂದು, "ಅಕ್ಕಾ, 3, 5, 7! ಬೆಸ ಸಂಖ್ಯೆ ಎಲ್ಲಾ ಪ್ರೈಮ್!" ಅಂದ. ನಾನು ನಕ್ಕು, "9 ನೋಡೋ ಪೆದ್ದ" ಅಂದೆ. ಅವನು ನೋಟ್‌ಬುಕ್ ಮುಚ್ಚಿ ಹೊರಟುಹೋದ. ಆ ಮುಖ ನನಗೆ ಗೊತ್ತಿತ್ತು. ಕ್ಲಬ್ಬಿನಿಂದ ಬಂದ ದಿನ ನನ್ನ ಮುಖವೂ ಹಾಗೇ ಇತ್ತು. ಸಂಜೆ ಅವನ ಹತ್ತಿರ ಹೋಗಿ ಸಾರಿ ಕೇಳಿ, "9 ಯಾಕೆ ಕೆಟ್ಟಿತು ನೋಡೋಣ್ವಾ?" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ ತೆರೆದ.

ಅದಕ್ಕೆ ನಮ್ಮ ಕನ್ನಡ ಶಾಲೆಗೆ ನನ್ನದೊಂದು ಕೋರಿಕೆ. ತಿಂಡಿ ಟೇಬಲ್ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡ್ ಇಡೋಣ. ಯಾರಿಗೆ ಯಾವ ಪ್ಯಾಟರ್ನ್ ಕಂಡರೂ ಕನ್ನಡದಲ್ಲಿ ಬರೆದು ಅಂಟಿಸಲಿ. ಅದನ್ನು ಮುರಿದವರು ಕೆಳಗೆ ಕಾರಣ ಬರೆಯಲಿ, ಅದೂ ಕನ್ನಡದಲ್ಲೇ. ಶೇಷ, ಗುಣಲಬ್ಧ, ಬೆಸ, ಸಮ ಅನ್ನುವ ಪದಗಳು ಪರೀಕ್ಷೆಗೆ ಬಾಯಿಪಾಠ ಮಾಡದೆಯೂ ಬಂದುಬಿಡುತ್ತವೆ. ಅಪ್ಪ ಅಮ್ಮಂದಿರೂ ಬರೆಯಬಹುದು. ತಪ್ಪಾದರೆ ನಾವು ನಗಲ್ಲ.

ಮೊದಲ ಚೀಟಿ ತಮ್ಮನದು. 9 ಯಾಕೆ ಕೆಟ್ಟಿತು ಅಂತ ನೋಡಿದ ಮೇಲೆ ಅವನೇ ಕೇಳಿದ ಪ್ರಶ್ನೆ: "3, 5, 7 ಮೂರೂ ಎರಡೆರಡು ಬಿಟ್ಟು ಬರ್ತವೆ, ಮೂರೂ ಪ್ರೈಮ್. ಇಂಥ ಇನ್ನೊಂದು ಮೂರರ ಗುಂಪು ಇದೆಯಾ?" 11 ಮತ್ತು 13, 17 ಮತ್ತು 19 ಥರದ ಜೋಡಿಗಳು ಎಂದೆಂದಿಗೂ ಸಿಗುತ್ತಾ ಹೋಗುತ್ತವೆಯೇ ಅನ್ನೋದು ದೊಡ್ಡ ಗಣಿತಜ್ಞರಿಗೂ ಇನ್ನೂ ಗೊತ್ತಿಲ್ಲ. ಆದರೆ ಮೂರರ ಗುಂಪಿನ ಉತ್ತರ ನನಗೆ ಸಿಕ್ಕಿದೆ, ಕಾರಣದ ಸಮೇತ. ಇಲ್ಲಿ ಹೇಳಲ್ಲ. ನೀವು ಹುಡುಕಿ, ಬೋರ್ಡಿನಲ್ಲಿ ಅಂಟಿಸಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ, ಫ್ರೀಮಾಂಟ್