ಗೋಡೆಗೇರಿದ ಕೌದಿ

ಮೇ ತಿಂಗಳ ಕೊನೆಯ ಬಿಸಿಲಿನಲ್ಲಿ ಮಲೆನಾಡಿನ ಅಂಗಳಗಳು ಹಾಸಿಗೆ ಹೊದಿಕೆಗಳಿಂದ ತುಂಬಿರುತ್ತವೆ. ಅಡಿಕೆ ಒಣಗಿಸಿ ಬರಿದಾದ ಅಟ್ಟಗಳ ಮೇಲೆ ಕಂಬಳಿ, ಕೌದಿ, ದಿಂಬುಗಳನ್ನು ಹರವಿ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ, ಮೃಗಶಿರಾ ಮಳೆ ಹಿಡಿಯುವುದರೊಳಗೆ ಒಳಗೆ ಸೇರಿಸುವುದು ಇಲ್ಲಿನ ರೂಢಿ. ಈ ರೂಢಿಯಲ್ಲಿ ಕೌದಿಗೆ ವಿಶೇಷ ಮರ್ಯಾದೆಯೇನೂ ಇರಲಿಲ್ಲ. ಅಂಗಡಿಯಿಂದ ತಂದ ಹೊದಿಕೆ ನೆಂಟರಿಗೆ, ಕೌದಿ ಮನೆಯವರಿಗೆ. ಹೊಲಿಗೆ ಬಿಟ್ಟು ಹಳತಾದಾಗ ಅದು ಬಾಣಂತಿಯ ಕೋಣೆಗೋ, ತೊಟ್ಟಿಲ ಅಡಿಗೋ, ಕಡೆಗೆ ಕೊಟ್ಟಿಗೆಯ ಕರುವಿನ ಕೆಳಗೋ ಸೇರುತ್ತಿತ್ತು.

ಅದೇ ಕೌದಿ ಈಗ ಅತಿಥಿಯ ಕೋಣೆಗೆ ಬಡ್ತಿ ಪಡೆದಿದೆ. ದಾಂಡೇಲಿ, ಜೋಯಿಡಾ, ಯಲ್ಲಾಪುರ, ಶಿರಸಿಯ ಕಡೆ ಹೋಂಸ್ಟೇಗಳು ಹೆಚ್ಚಿದಂತೆ ಹಳೆಯ ಮನೆಗಳ ಒಳಕೋಣೆಗಳು ಹೊಸ ವೇಷ ತೊಡುತ್ತಿವೆ. ಪೇಟೆಯಿಂದ ಬರುವವರಿಗೆ ‘ಹಳ್ಳಿಯ ಸೊಗಡು’ ಬೇಕು. ಕೈಹೊಲಿಗೆಯ ಬಣ್ಣಬಣ್ಣದ ಕೌದಿಗಿಂತ ಸುಲಭವಾಗಿ ಅದನ್ನು ಒದಗಿಸುವ ವಸ್ತು ಬೇರಿಲ್ಲ. ಆದ್ದರಿಂದ ಕೋಣೆಯನ್ನೇ ಕೌದಿಗಾಗಿ ಬದಲಿಸುವ ಕೆಲಸ ನಡೆಯುತ್ತದೆ. ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟು, ಹಂಚಿನ ಕೆಳಗೆ ಪ್ಲೈವುಡ್ಡಿನ ಚಾವಣಿ, ಮಂಚದ ತಲೆದಿಸೆಯಲ್ಲಿ ನಾಲ್ಕು ಮೊಳೆ ಹೊಡೆದು ಬಿಗಿದ ಕೌದಿ, ಅದರ ಮೇಲೆ ಇಡೀ ರಾತ್ರಿ ಉರಿಯುವ ದೀಪ. ಹೊದೆಯುವುದಕ್ಕೆ ಮಾತ್ರ ಪಾಲಿಯೆಸ್ಟರಿನ ಮೆತ್ತನೆಯ ರಗ್ಗು! ಕಸುಬಿಗೆ ಗೌರವ ಬಂದಿತೆಂದು ಸಂತೋಷಪಡಬೇಕಾದುದು ನಿಜವೇ. ಆದರೆ ಆ ಗೌರವ ಯಾರನ್ನು ತಲುಪಿತು, ಗೋಡೆಗೇರಿದ ವಸ್ತು ಎಷ್ಟು ಮಳೆಗಾಲ ಬಾಳೀತು ಎಂಬ ಎರಡು ಪ್ರಶ್ನೆಗಳನ್ನು ಕೇಳುವವರು ಕಡಿಮೆ.

ಉತ್ತರ ಕನ್ನಡದ ಮಟ್ಟಿಗೆ ಕೌದಿಯ ಮಾತು ಬಂದೊಡನೆ ಸಿದ್ದಿಯರ ಹೆಸರು ಬರಲೇಬೇಕು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಈ ಸಮುದಾಯದಲ್ಲಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರೂ ಧರ್ಮದ ಸಿದ್ದಿಯರಿದ್ದಾರೆ. ‘ಕವಂದಿ’ ಎಂದು ಅವರು ಕರೆಯುವ ಕೌದಿಯನ್ನು ಹೊಲಿಯುವವರು ಹೆಂಗಸರು. ಹಳೆಯ ಸೀರೆಯೊಂದನ್ನು ಅಡಿಯಲ್ಲಿ ಹಾಸಿ, ಒಂದು ಮೂಲೆಯಿಂದ ತುಂಡುಬಟ್ಟೆಗಳನ್ನು ಜೋಡಿಸುತ್ತಾ, ಸೂಜಿ ಮೇಲೆ ಕೆಳಗೆ ಸಾಗುವ ಸರಳ ಹೊಲಿಗೆಯಿಂದ ಅಂಚಿನ ಸುತ್ತ ನಡೆದು, ಸುತ್ತು ಸುತ್ತಾಗಿ ನಡುವಿಗೆ ತಲುಪುತ್ತಾರೆ. ಮೊದಲೇ ಬರೆದಿಟ್ಟುಕೊಂಡ ನಕ್ಷೆಯಿಲ್ಲ. ಕೈಗೆ ಸಿಕ್ಕ ತುಂಡಿನ ಬಣ್ಣವೇ ಮುಂದಿನ ತುಂಡಿನ ಜಾಗವನ್ನು ತೀರ್ಮಾನಿಸುತ್ತದೆ. ಕೆಲವರ ಕೌದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಮೂಡುವುದುಂಟು. ಕೊನೆಗೆ ನಾಲ್ಕೂ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫೂಲ’ ಇಡುತ್ತಾರೆ. ಕೊಂಕಣಿಯಲ್ಲಿ ಫೂಲವೆಂದರೆ ಹೂವು. ಹೂವಿಲ್ಲದ ಕೌದಿ ಬತ್ತಲೆ ಎಂಬ ಭಾವನೆ ಹೊಲಿಯುವವರದು. ಬೇರೆ ಯಾವ ಪ್ರಯೋಜನಕ್ಕೂ ಬಾರದ ಆ ನಾಲ್ಕು ಹೂಗಳನ್ನು ಕಂಡ ಮೇಲೆ ಕೌದಿಯನ್ನು ಬಡತನದ ಗುರುತು ಎಂದು ಮಾತ್ರ ಎಣಿಸುವುದು ಸಾಧ್ಯವಾಗದು.

ಕೌದಿ ಬಳಸಿ ಬಿಟ್ಟ ಬಟ್ಟೆಯ ಎರಡನೆಯ ಜೀವ. ಒಂದು ಕಿಲೋ ಹತ್ತಿಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರಿನ ಲೆಕ್ಕವಿದೆ. ಬಯಲುಸೀಮೆಯ ಕಪ್ಪು ನೆಲದ ಮೇಲೆ ಸುರಿದ ಗೊಬ್ಬರ, ಕೀಟನಾಶಕಗಳ ಲೆಕ್ಕ ಬೇರೆ. ಇಷ್ಟು ಬೆಲೆ ತೆತ್ತು ಬೆಳೆದ ನೂಲನ್ನು ಸೀರೆಯಾಗಿ ಹತ್ತು ವರ್ಷ, ಕೌದಿಯಾಗಿ ಮತ್ತೆ ಹತ್ತು ವರ್ಷ ದುಡಿಸಿಕೊಳ್ಳುವ ವಿವೇಕ ಅಜ್ಜಿಯರದು. ಈ ಸರಪಳಿ ಈಗ ಎರಡು ಕಡೆ ತುಂಡಾಗುತ್ತಿದೆ. ನಿತ್ಯದ ಉಡುಗೆಯಲ್ಲಿ ಹತ್ತಿಯ ಜಾಗವನ್ನು ಪಾಲಿಯೆಸ್ಟರ್ ಆಕ್ರಮಿಸಿದ್ದರಿಂದ ಹೊಲಿಯುವವರ ಕೈಗೆ ಬರುವ ಚಿಂದಿಯೂ ಪಾಲಿಯೆಸ್ಟರಿನದೇ ಆಗತೊಡಗಿದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ 8ರಷ್ಟು ತೇವವನ್ನು ಹೀರಿ ಇಟ್ಟುಕೊಳ್ಳಬಲ್ಲದು. ಪಾಲಿಯೆಸ್ಟರ್ ನೂರಕ್ಕೆ ಅರ್ಧದಷ್ಟನ್ನೂ ಹೀರದು. ಹತ್ತಿಯ ಕೌದಿ ಮೈಗೆ ಹಿತವೆನಿಸುವುದಕ್ಕೆ ಇದು ಕಾರಣ. ಪಾಲಿಯೆಸ್ಟರಿನ ಬಟ್ಟೆಯನ್ನು ಒಗೆದಾಗಲೆಲ್ಲ ಉದುರುವ ಕಣ್ಣಿಗೆ ಕಾಣದ ಎಳೆಗಳು ಹಳ್ಳ ಸೇರಿ, ಬೇಡ್ತಿ ಕಾಳಿಗಳ ಮೂಲಕ ಕಡಲು ಸೇರುತ್ತವೆ. ಇನ್ನೊಂದು ಕಡೆ, ಅತಿಥಿಗಳ ಕಣ್ಣಿಗೆ ಒಪ್ಪಲೆಂದು ಹೊಸ ಬಟ್ಟೆಯ ತಾನನ್ನೇ ಕೊಂಡು, ಕತ್ತರಿಸಿ ತುಂಡು ಮಾಡಿ, ಹಳತರಂತೆ ಕಾಣುವ ಕೌದಿಯನ್ನು ಯಂತ್ರದಲ್ಲಿ ಹೊಲಿಸಿ ಮಾರುವ ವ್ಯಾಪಾರ ನಡೆದಿದೆ. ಹಳೆಯದನ್ನು ಉಳಿಸಲು ಹುಟ್ಟಿದ ವಸ್ತುವಿಗಾಗಿ ಹೊಸದನ್ನು ಹರಿಯುವ ವಿಪರ್ಯಾಸ ಇದು.

ಮನೆಬಳಕೆಯ ಹೊದಿಕೆ ಗೋಡೆಗೇರಿದ ಕಥೆ ಬೇರೆ ದೇಶದಲ್ಲೂ ನಡೆದಿದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ನದಿಯ ತಿರುವಿನೊಳಗೆ ಸಿಕ್ಕಿಕೊಂಡ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ತೋಟದ ಗುಲಾಮರ ಸಂತತಿಯವರಾದ ಅಲ್ಲಿನ ಹೆಂಗಸರು ಸವೆದ ಕೆಲಸದ ಬಟ್ಟೆಗಳಿಂದ ಚಳಿಗೆ ಹೊದಿಕೆ ಹೊಲಿಯುತ್ತಿದ್ದರು. ಕರಿಯರು ಮತದಾನದ ಹಕ್ಕಿಗಾಗಿ ಎದ್ದು ನಿಂತ ಕಾಲದಲ್ಲಿ, 1962ರಲ್ಲಿ, ಊರಿಗೆ ಇದ್ದ ದೋಣಿ ನಿಂತುಹೋಯಿತು. ಮರಳಿ ಆರಂಭವಾದದ್ದು 2006ರಲ್ಲಿ. ಅದೇ 1960ರ ದಶಕದಲ್ಲಿ ಕಟ್ಟಿದ ಅಣೆಕಟ್ಟಿನ ನೀರು ಊರಿನ ಹೊಲಗಳಿಗೆ ನುಗ್ಗಿತು. ಸೂಪಾ ಮುಳುಗಡೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2002ರಲ್ಲಿ ಆ ಊರಿನ ಕೌದಿಗಳು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ಅನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅವುಗಳ ಚಿತ್ರ ಅಂಚೆಚೀಟಿಗೂ ಬಂದಿತು. ಅವುಗಳ ವಿನ್ಯಾಸ ಪೇಟೆಯ ಮಲಗುವ ಕೋಣೆಗಳ ಹಾಸು ಹೊದಿಕೆಗಳಾಗಿ ಅಚ್ಚಾಗತೊಡಗಿದಾಗ, ತಮಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದು ಕೆಲವು ಹೆಂಗಸರು 2007ರಲ್ಲಿ ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಆ ವ್ಯಾಜ್ಯಗಳು ಇತ್ಯರ್ಥವಾದವು.

ಸಿದ್ದಿಯರ ಕೌದಿಯೂ ಕಡಲು ದಾಟಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಇಲ್ಲಿನ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಮೇಲೆ, ಹೊಲಿಯುವ ಹೆಂಗಸರ ಸಹಕಾರಿ ಗುಂಪೊಂದು ರೂಪುಗೊಂಡಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸಾವಿರಾರು ಮೈಲಿ ದೂರದವರಿಗೆ ಕಂಡದ್ದು ಹತ್ತು ಮೈಲಿಯೊಳಗಿನ ಹೋಂಸ್ಟೇಗಳಿಗೆ ಕಾಣಲು ತಡವಾಯಿತು ಎನ್ನೋಣ. ಕಂಡ ಮೇಲಾದರೂ ಬೆಲೆಯ ಮಾತು ನ್ಯಾಯವಾಗಿರಬೇಡವೇ? ‘ಚಿಂದಿಗೆ ಏನು ಬೆಲೆ’ ಎಂದು ಚೌಕಾಶಿಗೆ ಇಳಿಯುವವರು ಚಿಂದಿಯನ್ನು ಬದಿಗಿಟ್ಟು ದಿನಗಳನ್ನು ಎಣಿಸಬೇಕು. ಇಬ್ಬರು ಹೊದೆಯುವ ಕೌದಿಯೊಂದು, ಮನೆಗೆಲಸದ ನಡುವೆ ಹೊಲಿದದ್ದನ್ನೆಲ್ಲ ಕೂಡಿಸಿದರೆ, ಇಪ್ಪತ್ತು ಪೂರ್ಣ ದಿನ ಬೇಡಿತೆನ್ನಿ. ಅಡಿಕೆ ಸುಲಿತಕ್ಕೆ ಅದೇ ಹೆಣ್ಣುಮಗಳಿಗೆ ಅದೇ ಊರಿನಲ್ಲಿ ಕೊಡುವ ದಿನಗೂಲಿಯನ್ನು ಇಪ್ಪತ್ತರಿಂದ ಗುಣಿಸಿದರೆ ಬರುವುದು ಕೂಲಿ ಮಾತ್ರ; ಕಣ್ಣಿನ, ಕೈಯ ಕೌಶಲಕ್ಕೆ ಅದರ ಮೇಲೆ ಸೇರಿಸಬೇಕು. ಆ ಮೊತ್ತವನ್ನು ಕೊಡಲಾಗದವರು ಕೌದಿಯಿಲ್ಲದ ಗೋಡೆಯಿಂದಲೇ ತೃಪ್ತರಾಗುವುದು ಲೇಸು. ಕೊಂಡವರು ಹೊಲಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಊರನ್ನೂ ಒಂದು ಚೀಟಿಯಲ್ಲಿ ಬರೆದು ಕೌದಿಯ ಬಳಿ ಇಡಲಿ. ಕೋಣೆಯ ಬಾಡಿಗೆಯ ಪಟ್ಟಿಯನ್ನು ಅಷ್ಟು ಅಂದವಾಗಿ ಬರೆಸುವವರಿಗೆ ಇದು ಹೊರೆಯಾಗದು.

ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಉಳುವ ನೆಲದ, ಮನೆಯಡಿಯ ನೆಲದ ಹಕ್ಕಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತು. ಆ ಕಾಯ್ದೆಯಡಿ ಸಲ್ಲಿಸಿದ ಅರ್ಜಿಗಳು ಈ ಜಿಲ್ಲೆಯಲ್ಲಿ ಪಟ್ಟ ಪಾಡು ಓದುಗರಿಗೆ ಹೊಸತಲ್ಲ. ಕೌದಿ ಹೊಲಿಯುವುದು ಜಗಲಿಯ ಕೆಲಸ. ಜಗಲಿ ತನ್ನದೆಂಬ ಭರವಸೆಯಿಲ್ಲದವಳ ಹೊಲಿಗೆಯನ್ನು ಗೋಡೆಯ ಮೇಲೆ ಹೊಗಳಿ, ಗ್ರಾಮ ಅರಣ್ಯ ಹಕ್ಕು ಸಮಿತಿಯ ಸಭೆಯಲ್ಲಿ ಅವಳ ಅರ್ಜಿಯ ಸರದಿ ಬಂದಾಗ ಮೌನವಾಗಿರುವವರ ಕಲಾಭಿಮಾನವನ್ನು ಎಷ್ಟು ನಂಬಬಹುದು?

ಇನ್ನು ಕೋಣೆಯ ವಿಚಾರ. ಕೌದಿ ಕಾಣುವಂತೆ ಮಲಗುವ ಕೋಣೆಯನ್ನು ಸಜ್ಜುಗೊಳಿಸಲು ವಾಸ್ತವವಾಗಿ ಬಹಳ ಕಡಿಮೆ ಸಾಕು. ತುಂಬಾ ಬಣ್ಣವಿರುವ ವಸ್ತುವಿಗೆ ಬಿಳಿ ಸುಣ್ಣದ ಗೋಡೆಗಿಂತ ಒಳ್ಳೆಯ ಹಿನ್ನೆಲೆಯಿಲ್ಲ. ಸುಣ್ಣ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಅದರ ಕ್ಷಾರಗುಣದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು. ಪ್ಲಾಸ್ಟಿಕ್ ಪೇಂಟು ಬಳಿದ ಮಣ್ಣಿನ ಅಥವಾ ಚಿರೆಕಲ್ಲಿನ ಗೋಡೆಯಲ್ಲಿ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ನೈಋತ್ಯದ ಮಳೆ ಹೊಡೆಯುವ ಹೊರಗೋಡೆಯನ್ನು ಬಿಟ್ಟು ಎರಡು ಕೋಣೆಗಳ ನಡುವಿನ ಗೋಡೆಯನ್ನು ಆರಿಸಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಜಾಗವೂ ಬೇಡ. ವಸ್ತ್ರಗಳಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಕೂಡದೆಂಬುದು ಸಂಗ್ರಹಾಲಯಗಳ ನಿಯಮ. ಅದು ಮಂದ ದೀಪದ ಬೆಳಕು. ಇಡೀ ರಾತ್ರಿ ಉರಿಯುವ ದೀಪವನ್ನು ಆರಿಸಿದರೆ ಬಣ್ಣವೂ ಉಳಿದೀತು, ವಿದ್ಯುತ್ತೂ ಉಳಿದೀತು.

ಮೊಳೆ ಹೊಡೆಯುವುದು ದೊಡ್ಡ ತಪ್ಪು. ನೆನೆದ ಗಾಳಿಯಲ್ಲಿ ಮೊಳೆ ತುಕ್ಕು ಹಿಡಿದು ಬಟ್ಟೆಯನ್ನು ತಿನ್ನುತ್ತದೆ. ಕೌದಿಯ ಇಡೀ ಭಾರ ನಾಲ್ಕು ತೂತುಗಳ ಮೇಲೆ ಬಿದ್ದು ಅದು ಅಲ್ಲಿಂದಲೇ ಹರಿಯತೊಡಗುತ್ತದೆ. ಅದರ ಬದಲು ಕೌದಿಯ ಹಿಂಬದಿಯ ಮೇಲಂಚಿಗೆ ಗಂಜಿಯಿಲ್ಲದ ಹತ್ತಿಬಟ್ಟೆಯ ಪಟ್ಟಿಯನ್ನು ಉದ್ದಕ್ಕೂ ಹೊಲಿದು, ಕೊಳವೆಯಂತಾದ ಆ ಪಟ್ಟಿಯೊಳಗೆ ಬಿದಿರಿನ ಗಳುವನ್ನು ತೂರಿಸಿ, ಗಳುವಿನ ಎರಡು ತುದಿಗಳನ್ನು ಹಗ್ಗದಿಂದ ತೂಗುಹಾಕಬಹುದು. ಭಾರ ಸಮನಾಗಿ ಹಂಚಿಹೋಗುತ್ತದೆ. ಬಟ್ಟೆ ಹಾಕಲು ಹಿಂದಿನವರು ಕೋಣೆಯಲ್ಲಿ ಕಟ್ಟುತ್ತಿದ್ದ ಬಿದಿರಿನ ಗಳುವೇ ಇದು, ಹೊಸತೇನಲ್ಲ. ಹಸಿ ಬಿದಿರಿನ ಪಿಷ್ಟಕ್ಕೆ ಕುಟ್ಟೆಹುಳು ಬೀಳುವುದರಿಂದ ಕೆಲವು ವಾರ ನೀರಿನಲ್ಲಿ ಮುಳುಗಿಸಿ, ನೆರಳಿನಲ್ಲಿ ಒಣಗಿಸಿದ ಗಳುವನ್ನೇ ಬಳಸಬೇಕು. ಗೋಡೆಗೂ ಕೌದಿಗೂ ನಡುವೆ ಎರಡು ಬೆರಳಿನಷ್ಟು ಜಾಗವಿದ್ದರೆ ಗಾಳಿಯಾಡುತ್ತದೆ. ಕೋಣೆಯಲ್ಲಿ ಒಂದು ಗೋಡೆಗೆ ಒಂದೇ ಕೌದಿ ಸಾಕು. ಮಂಚದ ಮೇಲೆ ಇನ್ನೊಂದನ್ನು ಹೊದೆಯಲೆಂದೇ ಇಡಲಿ. ಅತಿಥಿ ಹೊದ್ದು ನೋಡದ ಕೌದಿಯ ಬಗ್ಗೆ ಅವರಿಗೆ ತಿಳಿಯುವುದು ಬಣ್ಣವಷ್ಟೇ.

ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಮನೆಯ ಹಳೆಯ ಕೌದಿಯೊಂದನ್ನು ಅಂಗಳದಲ್ಲಿ ಹರವಿ, ಪ್ರತಿ ತುಂಡೂ ಯಾರ ಬಟ್ಟೆ, ಹತ್ತಿಯೋ ಪಾಲಿಯೆಸ್ಟರೋ, ಯಾವ ವರ್ಷ ಕೊಂಡದ್ದು ಎಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಲಿ. ಹಳ್ಳಿಯ ಉಡುಗೆಯಿಂದ ಹತ್ತಿ ಯಾವಾಗ ಹಿಂದೆ ಸರಿಯಿತೆಂಬ ಲೆಕ್ಕ ಆ ಒಂದು ಹೊದಿಕೆಯಲ್ಲಿಯೇ ಸಿಕ್ಕೀತು. ಪೆಟ್ಟಿಗೆಯ ತಳದಲ್ಲಿ ಉಡದೆ ಉಳಿದ ಹತ್ತಿಸೀರೆಗಳಿದ್ದರೆ, ಪಾತ್ರೆಯವನಿಗೆ ಹಾಕುವ ಮೊದಲು ಹತ್ತಿರದ ಸಿದ್ದಿ ಕೇರಿಯಲ್ಲಿ ಹೊಲಿಯುವವರಿಗೆ ಬೇಕೇ ಎಂದು ಕೇಳಿ ಕೊಡಬಹುದು.

ಮಳೆಗಾಲದ ನಾಲ್ಕು ತಿಂಗಳು ಗೋಡೆಯ ಕೌದಿಗೆ ರಜೆ ಕೊಡುವುದು ಅನಿವಾರ್ಯ. ಗಾಳಿಯ ತೇವಾಂಶ ನೂರಕ್ಕೆ 70 ದಾಟಿದರೆ ಹತ್ತಿಯ ಮೇಲೆ ಬೂಷ್ಟು ಹುಟ್ಟಲು ಅನುಕೂಲ. ಆಷಾಢದ ಮಲೆನಾಡಿನಲ್ಲಿ ಅದು 90ರ ಆಚೀಚೆ ಇರುತ್ತದೆ. ಮೃಗಶಿರಾಕ್ಕೆ ಮೊದಲು ಗಳುವಿನಿಂದ ಇಳಿಸಿ, ಬೆಳಗಿನ ಎಳೆಬಿಸಿಲಿನಲ್ಲಿ ಹಿಂಬದಿ ಮೇಲಾಗಿ ಹರವಿ, ತಣಿದ ಮೇಲೆ ಹಳೆಯ ಪಂಚೆಯೊಂದಿಗೆ ಸುರುಳಿ ಸುತ್ತಬೇಕು. ಮಡಚಿಟ್ಟರೆ ಮಡಿಕೆಯ ಗೆರೆಯಲ್ಲಿಯೇ ನೂಲು ತುಂಡಾಗುತ್ತದೆ. ನುಸಿಗುಳಿಗೆಯ ಘಾಟು ಮಲಗುವ ಕೋಣೆಗೆ ಹಿತವಲ್ಲ; ಒಣಗಿಸಿದ ಲಕ್ಕಿಸೊಪ್ಪು, ಬಜೆಯ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಡುವ ಹಳೆಯ ಕ್ರಮ ಸಾಕು. ಬೆಚ್ಚಗಿರುವ ಅಡಿಗೆಮನೆಯ ಅಟ್ಟವೇ ಆ ಪೆಟ್ಟಿಗೆಗೆ ತಕ್ಕ ಸ್ಥಳ. ಆರಿದ್ರಾ ಮಳೆ ನೋಡಲು ಬಂದ ಅತಿಥಿ ಬರಿಯ ಸುಣ್ಣದ ಗೋಡೆಯನ್ನೂ ಖಾಲಿ ಗಳುವನ್ನೂ ಕಂಡು ಕೌದಿ ಎಲ್ಲಿ ಎಂದು ಕೇಳಿದರೆ, ಅಟ್ಟ ಹತ್ತಿಸಿ ಪೆಟ್ಟಿಗೆ ತೆರೆದು ತೋರಿಸಬಹುದು. ಹೊಲಿದವರ ಹೆಸರಿನ ಚೀಟಿಯೂ ಅದರೊಳಗೇ ಇರಲಿ.