ನೆನಪಿನ ಜೋಡೆತ್ತು

ನಮ್ಮ ಕಡೆಯ ರೈತರು ಹೇಮಗಿರಿಯ ದನಗಳ ಜಾತ್ರೆಗೆ ಹೋದರೆ ಕಣ್ಣಿಗೆ ಬಿದ್ದ ಮೊದಲ ಹೋರಿಗೆ ಹಗ್ಗ ಹಾಕುವವರಲ್ಲ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಜೋಡಿ ನೋಡುತ್ತಾರೆ. ಒಂದು ಮುಂದಕ್ಕೆಳೆದು ಇನ್ನೊಂದು ಹಿಂದಕ್ಕೆ ಜಗ್ಗಿದರೆ ನೊಗಕ್ಕೂ ಕೇಡು, ನೇಗಿಲಿಗೂ ಕೇಡು. ಇಂತಹ ತಿಳಿವಳಿಕೆಯುಳ್ಳ ಜನರ ನಡುವೆಯೇ ಹುಟ್ಟಿ ಬೆಳೆದ ನಾನು, ಕಂಪ್ಯೂಟರಿಗೆ ರ‍್ಯಾಮ್ ಕೊಳ್ಳುವ ಹೊತ್ತಿನಲ್ಲಿ ಅದನ್ನು ಮರೆತೆನೆಂಬುದೇ ಈ ವಾರದ ಕಥೆ.

ಕಥಾನಾಯಕ ನನ್ನ ಸೋದರಳಿಯ. ಎಂಜಿನಿಯರಿಂಗ್ ಓದುತ್ತಿರುವ ಆತ ಬೇಸಗೆಯ ರಜೆಗೆ ನಾಗಮಂಗಲಕ್ಕೆ ಬಂದಾಗ, ನನ್ನ ಹಳೆಯ ಕಂಪ್ಯೂಟರು ತೆವಳುತ್ತಿದ್ದುದನ್ನು ಕಂಡು ಮರುಗಿದ. “ಮಾವ, ಅಂಗಡಿಯವರು ಜೋಡಿಸಿಟ್ಟದ್ದನ್ನು ಕೊಳ್ಳಬೇಡಿ. ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಟ್ಟೋಣ. ದುಡ್ಡೂ ಉಳಿಯುತ್ತದೆ, ವೇಗವೂ ಬರುತ್ತದೆ” ಎಂದ. ದುಡ್ಡು ಉಳಿಯುತ್ತದೆಂದರೆ ಮೇಷ್ಟ್ರು ಬೇಡವೆನ್ನುವುದುಂಟೆ? ಬೆಳ್ಳೂರು ಕ್ರಾಸಿನ ಮೇಲೆ ಬಸ್ಸು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಪ್ರೊಸೆಸರು, ಮದರ್‌ಬೋರ್ಡು, ಪೆಟ್ಟಿಗೆ ಎಲ್ಲವೂ ದೊರೆತವು. 3200ರ ವೇಗದ 8 ಗಿಗಾಬೈಟಿನ ರ‍್ಯಾಮ್ ಪಟ್ಟಿಯೊಂದನ್ನು ಒಂದು ಅಂಗಡಿಯಲ್ಲಿ ಕೊಂಡೆವು. ಮತ್ತೊಂದು ಅಂಗಡಿಯಲ್ಲಿ ಬೇರೊಂದು ಕಂಪನಿಯ ಅಂಥದೇ ಪಟ್ಟಿ ಮುನ್ನೂರು ರೂಪಾಯಿ ಅಗ್ಗವಾಗಿ ಸಿಕ್ಕಿತು. ಎರಡನೆಯದನ್ನು ಅಲ್ಲಿಯೇ ಕೊಂಡೆ. ಅಳಿಯ ತಡೆಯಲಿಲ್ಲ, ನಾನು ಕೇಳಲಿಲ್ಲ.

ಮನೆಗೆ ಬಂದು ಯಂತ್ರ ಕಟ್ಟಿದ ಮೇಲೆ ಆತ ಅದನ್ನು ‘ಓವರ್‌ಕ್ಲಾಕ್’ ಮಾಡಿದ. ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಯಂತ್ರವನ್ನು ಓಡಿಸುವುದಕ್ಕೆ ಈ ಹೆಸರು. 3200ರ ರ‍್ಯಾಮು 3800ಕ್ಕೆ ಏರಿತು. ಪರದೆ ಬೆಳಗಿತು, ಹಾಡು ಹಾಡಿತು, ನನ್ನ ಹೆಂಡತಿ ಅಳಿಯನಿಗೆ ಕಾಯಿ ಹೋಳಿಗೆ ಮಾಡಿಕೊಟ್ಟಳು.

ಇನ್ನು ನನ್ನ ಹುಚ್ಚಿನ ವಿಷಯ. ಜಾನಪದದ ಮಹಾಸಂಗ್ರಾಹಕರಾದ ಎಚ್.ಎಲ್. ನಾಗೇಗೌಡರು 1915ರಲ್ಲಿ ಹುಟ್ಟಿದುದು ಇದೇ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ. ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಆ ಹಿರಿಯರ ಊರಿನ ನೆರೆಯಲ್ಲಿದ್ದು ಕನ್ನಡ ಎಂ.ಎ. ಮಾಡಿದವನು ಸುಮ್ಮನಿರಲಾದೀತೆ? ಭಾನುವಾರಗಳಂದು ಹಳ್ಳಿಗಳಿಗೆ ಹೋಗಿ ಬೀಸುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ಬರುವುದು ನನ್ನ ರೂಢಿ. ಆ ತಿಂಗಳು ಒಬ್ಬ ಅಜ್ಜಿ ಒಂದೂವರೆ ಗಂಟೆಯ ಕಾಲ ಒಂದೇ ಕಥೆಯನ್ನು ಹಾಡಿದರು. ನಡುವೆ ಒಂದು ಲೋಟ ನೀರು ಕುಡಿದುದು ಬಿಟ್ಟರೆ ತಡವರಿಸಲಿಲ್ಲ. ಹೊಸ ಕಂಪ್ಯೂಟರಿಗೆ ಅದನ್ನು ಇಳಿಸಿದೆ. ಜಾಗ ಉಳಿಯಲೆಂದು ಜಿಪ್ ಗಂಟು ಕಟ್ಟಿದೆ. ಮುಂದಿನ ವಾರಕ್ಕೆ ಬೇಕಾದೀತೆಂದು ಧ್ವನಿಮುದ್ರಕದ ಕಾರ್ಡನ್ನು ಅಳಿಸಿದೆ.

ಎರಡು ತಿಂಗಳಾದ ಮೇಲೆ ಅಜ್ಜಿ ತೀರಿಕೊಂಡರೆಂದು ತಿಳಿಯಿತು. ಅವರ ಮನೆಯವರಿಗೆ ಆ ದನಿಯನ್ನು ಕೊಡೋಣವೆಂದು ಗಂಟು ಬಿಚ್ಚಲು ಹೋದರೆ, ಅದು ಕೆಟ್ಟಿದೆಯೆಂದು ಕಂಪ್ಯೂಟರು ಉತ್ತರಿಸಿತು. ಬಗೆಬಗೆಯಾಗಿ ಯತ್ನಿಸಿದಾಗ ಮೊದಲ ಹನ್ನೊಂದು ನಿಮಿಷ ಹೊರಬಂತು. ಅನಂತರದ್ದು ಬರಿಯ ಕರಕರ ಸದ್ದು.

ಅಳಿಯನಿಗೆ ದೂರವಾಣಿ ಮಾಡಿದೆ. ಆತನ ಮಾತಿನಂತೆ ‘ಮೆಮ್‌ಟೆಸ್ಟ್ 86 ಪ್ಲಸ್’ ಎಂಬ ಉಚಿತ ಪರೀಕ್ಷಾ ತಂತ್ರಾಂಶವನ್ನು ಓಡಿಸಿದೆ. ಇಪ್ಪತ್ತು ನಿಮಿಷಗಳೊಳಗೆ ಪರದೆಯ ಮೇಲೆ ಕೆಂಪು ಸಾಲುಗಳು ಮೂಡತೊಡಗಿದವು. ತಪ್ಪು ರ‍್ಯಾಮಿನದು, ಅಂದರೆ ನಮ್ಮದು.

ಹೀಗೇಕಾಯಿತೆಂಬುದನ್ನು ವಾಚಕರು ತಿಳಿಯಬೇಕಾದರೆ ರ‍್ಯಾಮಿನ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ವಿಜ್ಞಾನಿಗೆ 1968ರಲ್ಲಿ ಪೇಟೆಂಟು ದೊರೆತ ವಿಧಾನವೇ ಇಂದಿಗೂ ಇದರ ಮೂಲ. ಒಂದೊಂದು ಬಿಟ್‌ಗೂ ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದ್ದರೆ ‘ಒಂದು’, ಬರಿದಾಗಿದ್ದರೆ ‘ಸೊನ್ನೆ’. ಆದರೆ ಇದು ಸೋರುವ ಗಡಿಗೆ. ಆದುದರಿಂದ 64 ಮಿಲಿಸೆಕೆಂಡುಗಳೊಳಗೆ ಪ್ರತಿಯೊಂದು ಗಡಿಗೆಯನ್ನೂ ಓದಿ ಮತ್ತೆ ತುಂಬಬೇಕು. ಹೊಸ ತಲೆಮಾರಿನ ಡಿ.ಡಿ.ಆರ್. 5ರಲ್ಲಿ 32ರೊಳಗೆ. ಕಾವೇರಿದಷ್ಟೂ ಸೋರಿಕೆ ಹೆಚ್ಚು. ಚಿಪ್ಪಿನ ಬಿಸಿ 85 ಡಿಗ್ರಿ ದಾಟಿದರೆ ಇಮ್ಮಡಿ ಸಲ ತುಂಬಬೇಕೆಂಬುದು ನಿಯಮ. ವೇಗವನ್ನು ಏರಿಸುವುದೆಂದರೆ ಗಡಿಗೆಯನ್ನು ಇಣುಕಿ ನೋಡುವ ಕಾಲವನ್ನು ಕಡಿತಗೊಳಿಸುವುದು. ಅವಸರದಲ್ಲಿ ನೋಡಿದವನಿಗೆ ತುಂಬಿದ್ದು ಬರಿದಾಗಿ ಕಂಡೀತು. ಯಂತ್ರ ನಿಂತುಹೋದರೆ ಪುಣ್ಯ. ನಿಲ್ಲದೆ ಸುಳ್ಳನ್ನೇ ನಿಜವೆಂದು ಬರೆದಿಡುವುದು ನಿಜವಾದ ಅಪಾಯ. ಧ್ವನಿಯನ್ನು ಇದ್ದಂತೆಯೇ ಇಟ್ಟಿದ್ದರೆ ಒಂದೆರಡು ಕಡೆ ‘ಟಕ್’ ಎಂದು ಮುಗಿಯುತ್ತಿತ್ತೇನೋ. ಜಿಪ್ ಗಂಟಿನಲ್ಲಿ ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ಸಿಕ್ಕು.

ಹಾಗಾದರೆ ರ‍್ಯಾಮನ್ನು ಆರಿಸುವುದು ಹೇಗೆ? ಪೆಟ್ಟು ತಿಂದವನ ಪಾಠ ಇಷ್ಟು:

ಮೊದಲನೆಯದಾಗಿ, ಪೊಟ್ಟಣದ ಮೇಲಿನ ದೊಡ್ಡ ಅಂಕಿಯೊಂದನ್ನೇ ನೋಡಿ ಮರುಳಾಗಕೂಡದು. ಪಕ್ಕದಲ್ಲಿ ‘ಸಿ.ಎಲ್.’ ಎಂದು ಇನ್ನೊಂದು ಅಂಕಿಯಿರುತ್ತದೆ. ಕೇಳಿದ ಮೇಲೆ ಉತ್ತರ ಬರಲು ಎಷ್ಟು ತಾಳಗಳಷ್ಟು ಕಾಯಬೇಕೆಂಬುದನ್ನು ಅದು ತಿಳಿಸುತ್ತದೆ. ಅದನ್ನು 2000ದಿಂದ ಗುಣಿಸಿ ವೇಗದ ಅಂಕಿಯಿಂದ ಭಾಗಿಸಿದರೆ ಕಾಯುವ ಕಾಲ ನ್ಯಾನೊಸೆಕೆಂಡುಗಳಲ್ಲಿ ದೊರೆಯುತ್ತದೆ. 3200ಕ್ಕೆ ಸಿ.ಎಲ್. 16 ಆದರೆ 10, 3600ಕ್ಕೆ 18 ಆದರೂ 10, ಡಿ.ಡಿ.ಆರ್. 5ರಲ್ಲಿ 6000ಕ್ಕೆ 30 ಆದರೂ ಅದೇ 10. ಆದರೆ 3200ಕ್ಕೆ 22 ಆದರೆ 13.75, 6000ಕ್ಕೆ 40 ಆದರೆ 13.33. ವೇಗದ ಅಂಕಿ ದೊಡ್ಡದಿದ್ದರೆ ಒಂದೇ ಹೊತ್ತಿನಲ್ಲಿ ಹೆಚ್ಚು ಸರಕು ಸಾಗುತ್ತದೆ, ನಿಜ. ಆದರೆ ಮೊದಲ ಉತ್ತರ ಬೇಗ ಬಂದೀತೆಂಬ ಭರವಸೆಯಿಲ್ಲ. ಮಕ್ಕಳ ಕೈಯಲ್ಲಿ ಈ ಲೆಕ್ಕ ಮಾಡಿಸಿಯೇ ಅಂಗಡಿಗೆ ಹೊರಡುವುದು ಮೇಲು.

ಎರಡನೆಯದು ಜೋಡಿ. ಒಂದೇ ಪೊಟ್ಟಣದಲ್ಲಿ ಜೊತೆಯಾಗಿ ಪರೀಕ್ಷಿಸಿ ಮಾರುವ ಎರಡು ಪಟ್ಟಿಗಳನ್ನೇ ಕೊಳ್ಳಬೇಕು. ಎರಡು ಪಟ್ಟಿಗಳಿದ್ದರೆ ಪ್ರೊಸೆಸರಿಗೆ ಎರಡು ದಾರಿಗಳು ತೆರೆಯುತ್ತವೆ. ಒಂದರಿಂದ ಆ ಲಾಭವಿಲ್ಲ. ನಾಲ್ಕು ಹಾಕಿದರೆ ಇನ್ನೂ ಲೇಸೆಂದು ತಿಳಿಯಬೇಡಿ. ಹೊರೆ ಹೆಚ್ಚಿ ಏರಿಸಬಹುದಾದ ವೇಗ ತಗ್ಗುತ್ತದೆ. ನಾಲ್ಕು ಗೂಡುಗಳಿರುವ ಬಹುಪಾಲು ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಇವುಗಳಿಗೆ ಸರಿಯಾದ ಸ್ಥಾನ.

ಮೂರನೆಯದಾಗಿ, ಬೋರ್ಡಿನ ತಯಾರಕರು ತಾವು ಪರೀಕ್ಷಿಸಿದ ರ‍್ಯಾಮುಗಳ ಯಾದಿಯನ್ನು ಪ್ರಕಟಿಸಿರುತ್ತಾರೆ. ಕೊಳ್ಳುವ ಮುನ್ನ ಅದನ್ನು ನೋಡಬೇಕು. ಡಿ.ಡಿ.ಆರ್. 4ರ ಬೋರ್ಡಿಗೆ 5 ಕೂರುವುದಿಲ್ಲವೆಂಬುದನ್ನಂತೂ ಮರೆಯಬಾರದು. ಎಕ್ಸ್.ಎಂ.ಪಿ. ಅಥವಾ ಎಕ್ಸ್‌ಪೋ ಎಂಬ ಹೆಸರಿನಲ್ಲಿ ತಯಾರಕರೇ ಬರೆದಿಟ್ಟ ವೇಗವೂ ಒಂದು ಬಗೆಯ ಓವರ್‌ಕ್ಲಾಕೇ. ಡಿ.ಡಿ.ಆರ್. 4ಕ್ಕೆ ನಿಯಮದ ಪ್ರಕಾರ 1.2 ವೋಲ್ಟು ಸಾಕು. ಅಲ್ಲಿ ಸಾಮಾನ್ಯವಾಗಿ 1.35 ಕೊಡುತ್ತಾರೆ. ಗೃಹಸ್ಥರು ಅಲ್ಲಿಗೆ ನಿಲ್ಲುವುದು ಲೇಸು. ಅದಕ್ಕೂ ಮೇಲೆ ಏರಲೇಬೇಕೆನ್ನುವವರು ಒಂದೊಂದೇ ಮೆಟ್ಟಿಲು ಏರಿ, ಪ್ರತಿ ಮೆಟ್ಟಿಲಲ್ಲಿಯೂ ಇಡೀ ರಾತ್ರಿ ಪರೀಕ್ಷೆ ಓಡಿಸಬೇಕು. ಒಂದೇ ಒಂದು ತಪ್ಪು ಕಂಡರೂ ಇಳಿಯಬೇಕು; ‘ಒಂದೇ ತಾನೆ’ ಎನ್ನುವ ಔದಾರ್ಯ ಇಲ್ಲಿ ಸಲ್ಲದು. ಮಾಘದಲ್ಲಿ ಪಾಸಾದ ಯಂತ್ರವನ್ನು ಚೈತ್ರದ ಬಿಸಿಲಿನಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕೂರಿಸಬೇಕು.

ಕೊನೆಯದಾಗಿ, ಮನೆವಾರ್ತೆಯ ಮಾತು. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ವೇಗಕ್ಕಿಂತ ಗಾತ್ರಕ್ಕೆ ವೆಚ್ಚ ಮಾಡುವುದು ಜಾಣತನ. ಸಾಲದೆ ಬಂದ ರ‍್ಯಾಮು ಎಷ್ಟು ಓಡಿದರೂ ಡಿಸ್ಕಿನ ಬಾಗಿಲಲ್ಲಿ ಕಾಯುತ್ತಲೇ ಇರಬೇಕಾಗುತ್ತದೆ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಚಿಪ್ಪುಗಳನ್ನು ಬಾಚಿಕೊಂಡುದರಿಂದ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿತು. ಇಂತಹ ದಿನಗಳಲ್ಲಿ ತಪ್ಪಾಗಿ ಕೊಂಡದ್ದನ್ನು ಮತ್ತೊಮ್ಮೆ ಕೊಳ್ಳುವ ಶಕ್ತಿ ನಮ್ಮಂಥವರಿಗೆಲ್ಲಿಯದು?

ನಾನಂತೂ ಎರಡು ಬಿಡಿ ಪಟ್ಟಿಗಳನ್ನು ಕಳಚಿ ಒಂದು ಜೋಡಿಯನ್ನು ತಂದೆ. ಮುನ್ನೂರು ಉಳಿಸಿದ ಜಾಣತನಕ್ಕೆ ಬಿದ್ದ ದಂಡವೆಷ್ಟೆಂಬುದನ್ನು ಮನೆಯಲ್ಲಿ ಹೇಳಿಲ್ಲ. ಈ ಪತ್ರಿಕೆ ಮನೆಗೂ ಬರುವುದರಿಂದ ಇಲ್ಲಿಯೂ ಹೇಳುವುದಿಲ್ಲ. ರಾತ್ರಿಯೆಲ್ಲ ಪರೀಕ್ಷೆ ಓಡಿತು. ಬೆಳಿಗ್ಗೆ ತಪ್ಪು ಸೊನ್ನೆ. ದಸರೆಗೆ ಬಂದ ಅಳಿಯ, “ಮಾವ, ಇದನ್ನು ಸ್ವಲ್ಪ ಏರಿಸಿ ನೋಡಲೇ?” ಎಂದ. ಒಳಗಿನಿಂದ ಅವನ ಅತ್ತೆ, “ಮೊದಲು ಊಟಕ್ಕೆ ಏಳಪ್ಪ” ಎಂದಳು. ಅಲ್ಲಿಗೆ ಆ ಮಾತು ನಿಂತಿತು.

ಮರುದಿನ ಅವನನ್ನೂ ಕರೆದುಕೊಂಡು ಅಜ್ಜಿಯ ಊರಿಗೆ ಹೋದೆ. ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅಜ್ಜಿಯ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನಿಂದ ಕೈ ಒರೆಸಿಕೊಂಡು ಜಗುಲಿಯ ಮೇಲೆ ಕುಳಿತರು. “ನಮ್ಮತ್ತೆಯಷ್ಟು ನನಗೆ ಬರಾಕಿಲ್ಲ ಮೇಷ್ಟ್ರೆ, ಬಂದಷ್ಟು ಹೇಳ್ತೀನಿ” ಎಂದು ತೊಡಗಿದರು. ನಲವತ್ತು ನಿಮಿಷ ಬಂತು. ನಾಯಕಿ ತವರಿನ ಹಾದಿ ಹಿಡಿಯುವಲ್ಲಿಗೆ ಪದ ನಿಂತುಹೋಯಿತು; ಮುಂದೆ ಅವರಿಗೆ ತಿಳಿಯದು. ಆ ನಲವತ್ತು ನಿಮಿಷ ಈಗ ಮೂರು ಕಡೆ ಇದೆ. ಕಾರ್ಡನ್ನು ಅಳಿಸಿಲ್ಲ.