ಮಗ್ಗಿ ಮೊದಲು ಕೈಗೆ, ಆಮೇಲೆ ಬಾಯಿಗೆ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನೆಂಟರು ಬಂದೊಡನೆ ಮಗುವನ್ನು ಎದುರಿಗೆ ನಿಲ್ಲಿಸಿ, "ತಾತನಿಗೆ ಮಗ್ಗಿ ಒಪ್ಪಿಸು" ಎನ್ನುವ ಪದ್ಧತಿ ಇನ್ನೂ ಉಳಿದಿದೆ. ಮಗು ಕಣ್ಣು ಮುಚ್ಚಿ ಇಪ್ಪತ್ತರವರೆಗೆ ಹೇಳಿಬಿಟ್ಟರೆ ತಂದೆತಾಯಂದಿರ ಮುಖ ಅರಳುತ್ತದೆ. "ಏಳೆಂಟ್ಲ ಐವತ್ತಾರು ಎಂದೆಯಲ್ಲ, ಎಂಟೇಳ್ಲ ಎಷ್ಟು?" ಎಂದು ಅದೇ ಮಗುವನ್ನು ಕೇಳಿನೋಡಿ. ಅದು ಎಂಟೊಂದ್ಲ ಎಂಟರಿಂದ ಮತ್ತೆ ಆರಂಭಿಸುತ್ತದೆ. ಇದನ್ನು ಕಲಿಕೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಶೇಂಗಾಕ್ಕೆ ಬರವೇ? ನಮ್ಮ ಶೇಂಗಾಕಾಯಿಯಲ್ಲಿ ಸಾಮಾನ್ಯವಾಗಿ ಎರಡು ಕಾಳು. ಆರು ಕಾಯಿ ಕೊಟ್ಟು, ಸುಲಿಯುವ ಮೊದಲೇ ಕಾಳೆಷ್ಟೆಂದು ಕೇಳಿ. ಎರಡರ ಮಗ್ಗಿ ತಾನಾಗಿ ಹುಟ್ಟುತ್ತದೆ. ಒಂದರಲ್ಲಿ ಮೂರು ಕಾಳು ಬಂದರೆ ಇನ್ನೂ ಒಳ್ಳೆಯದು, ಲೆಕ್ಕವೇಕೆ ತಪ್ಪಿತೆಂದು ಮಗುವೇ ವಾದಿಸುತ್ತದೆ. ಹುಣಸೆ ಬೀಜಗಳನ್ನು ತಟ್ಟೆಯಲ್ಲಿ ಮೂರು ಸಾಲು, ಸಾಲಿಗೆ ನಾಲ್ಕರಂತೆ ಜೋಡಿಸಿ, ತಟ್ಟೆಯನ್ನು ಕಾಲು ಸುತ್ತು ತಿರುಗಿಸಿ. ಈಗ ನಾಲ್ಕು ಸಾಲು, ಸಾಲಿಗೆ ಮೂರು. ಬೀಜ ಮಾತ್ರ ಹನ್ನೆರಡೇ.

ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ನೇಕಾರರ ನಕ್ಷೆಗೆ ಬಳಸುವಂಥ ಚೌಕುಳಿ ಕಾಗದದಲ್ಲಿ ಏಳು ಸಾಲು, ಸಾಲಿಗೆ ಎಂಟು ಮನೆ ಗುರುತಿಸಿ, ಐದು ಸಾಲಿಗೆ ಒಂದು ಬಣ್ಣ, ಉಳಿದೆರಡಕ್ಕೆ ಇನ್ನೊಂದು ಬಣ್ಣ ತುಂಬಿಸಿ. ನಲವತ್ತು ಮತ್ತು ಹದಿನಾರು ಸೇರಿ ಐವತ್ತಾರಾಗುವುದು ಕಣ್ಣಿಗೇ ಕಾಣುತ್ತದೆ. ಮಗ್ಗದ ಮನೆಯ ಮಗು ಮಗ್ಗಿಗೆ ಹೆದರುವುದು ಎಂಥ ವಿಪರ್ಯಾಸ!

ಆಟಕ್ಕೆ ಸಮಯವೆಲ್ಲಿದೆ ಎನ್ನುವವರಿಗೊಂದು ಲೆಕ್ಕ. ಹತ್ತರವರೆಗಿನ ಮಗ್ಗಿಯಲ್ಲಿ 100 ಗುಣಲಬ್ಧಗಳಿವೆ. ತಟ್ಟೆ ತಿರುಗಿಸಲು ಬಲ್ಲ ಮಗುವಿಗೆ ಅವು 55 ಮಾತ್ರ. ಒಂದು, ಎರಡು, ಐದು, ಹತ್ತರ ಸುಲಭದ ಮಗ್ಗಿಗಳನ್ನು ಬಿಟ್ಟರೆ ಉಳಿಯುವುದು 21. ಹೀಗಿರುವಾಗ ಸಮಯ ಹಾಳುಮಾಡುತ್ತಿರುವವರು ಯಾರು?

"ನಾವು ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಉರುಹೊಡೆದು ಬದುಕಲಿಲ್ಲವೇ?" ಎಂದು ನನ್ನ ಓರಗೆಯವರು ಕೇಳುತ್ತಾರೆ. ಬದುಕಿದೆವು, ನಿಜ. ಆದರೆ ಆಗ ಸೇರು, ಪಾವು, ಮೊಳ, ಗಜಗಳು ನಮ್ಮ ಕೈಯಲ್ಲಿದ್ದವು. ಬಾಯಿ ಹೇಳಿದ್ದನ್ನು ಕೈ ಸಂತೆಯಲ್ಲಿ ಕಂಡಿತ್ತು. ಇಂದು ಕೈಯನ್ನು ಕಿತ್ತುಕೊಂಡು ಬಾಯನ್ನಷ್ಟೇ ಉಳಿಸಿದ್ದೇವೆ. ಬಾಯಿಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಥವಾದದ್ದನ್ನು ನಾಲಗೆಯ ತುದಿಗೆ ತಂದುಕೊಳ್ಳಲು ಅದು ಬೇಕೇ ಬೇಕು. ಆದರೆ ಅದು ಎರಡನೆಯ ಮೆಟ್ಟಿಲು.

ಇದು ಹೊಸ ಮಾತೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಇದನ್ನೇ ಸಾರಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಆಲೋಚನೆಯನ್ನು ಗಣಿತೀಯಗೊಳಿಸುವುದೇ ಗುರಿ ಎಂದಿತು. ಆದರೂ ಮನೆಪಾಠದ ಜಗುಲಿಗಳಲ್ಲಿ ಇಂದಿಗೂ ಬೆತ್ತವೇ ಪಠ್ಯಕ್ರಮ.

ಮಗ್ಗಿ ಬಾರದೆಂದು ನಿಲ್ಲಿಸಿದ ಮಗು "ನನಗೆ ಗಣಿತ ಹತ್ತುವುದಿಲ್ಲ" ಎಂದು ಅಂದೇ ನಿರ್ಧರಿಸಿಬಿಡುತ್ತದೆ. ಭಾಗಾಕಾರ, ಭಿನ್ನರಾಶಿ, ಬಡ್ಡಿಲೆಕ್ಕಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅದರ ಹೊರಗೆ ಕುರಿ ಮೇಯಿಸುವವನ ಮಗ ನಾಳೆ ಒಳಗೆ ಹೋಗುವುದು ಕಾವಲುಗಾರನಾಗಿಯೋ ವಿಜ್ಞಾನಿಯಾಗಿಯೋ ಎಂಬುದು ಬಹುಮಟ್ಟಿಗೆ ಮೂರನೆಯ ತರಗತಿಯಲ್ಲೇ ತೀರ್ಮಾನವಾಗುತ್ತದೆ.

ನನ್ನ ವಿದ್ಯಾರ್ಥಿಗಳಾಗಿದ್ದು ಈಗ ತಂದೆತಾಯಿಗಳಾಗಿರುವವರೇ, ಮಗುವಿನಿಂದ ಮಗ್ಗಿ ಒಪ್ಪಿಸಿಕೊಳ್ಳುವ ಮೊದಲು ಅದರ ಮುಂದೆ ಒಂದು ಬೊಗಸೆ ಶೇಂಗಾ ಸುರಿಯಿರಿ. ತಪ್ಪಿದರೆ ಗದರಬೇಡಿ, ಮತ್ತೆ ಎಣಿಸಲಿ.